ಹುದ್ದೆ ತುಂಬಿದರೆ ಕಷ್ಟದ ಕೇಸು ಪತ್ತೆಯಾಗುತ್ತವಾ? ರಾಣೇಬೆನ್ನೂರಿನ ಓದುಗರಿಗೆ ಉತ್ತರ

ಪ್ರಶ್ನೆ: ನಾನು ರಾಣೇಬೆನ್ನೂರಿನಲ್ಲಿ ಶಾಲಾ ಶಿಕ್ಷಕಿ. ನನ್ನ ತಮ್ಮ ಬಿಸಿಎ ಮುಗಿಸಿ ಕೆಲವು ವರ್ಷಗಳಿಂದ ಧಾರವಾಡದ ಸಪ್ತಾಪುರದಲ್ಲಿ ರೂಮ್ ಮಾಡಿಕೊಂಡು ಪಿಎಸ್‌ಐ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಿದ್ದಾನೆ. ಕಳೆದ ವರ್ಷ ನಮ್ಮ ಮಾವನವರು ಷೇರು ವ್ಯವಹಾರದ ನಕಲಿ ಆ್ಯಪ್ ನಂಬಿ ನಿವೃತ್ತಿಯ ದುಡ್ಡು ಕಳೆದುಕೊಂಡರು. ದೂರು ಕೊಟ್ಟಿದ್ದೇವೆ. ಕೇಳಲು ಹೋದಾಗಲೆಲ್ಲ ‘ಸಿಬ್ಬಂದಿ ಇಲ್ರೀ’ ಅನ್ನುತ್ತಾರೆ. ಖಾಲಿ ಹುದ್ದೆ ತುಂಬಿದರೆ ಇಂಥ ಕೇಸು ಪತ್ತೆಯಾಗುತ್ತವೆಯೇ? ನನ್ನ ತಮ್ಮನ ಬಿಸಿಎ ಪೊಲೀಸ್ ಕೆಲಸದಲ್ಲಿ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಮೇಡಂ, ನೇರವಾಗಿ ಹೇಳಿಬಿಡುತ್ತೇನೆ. ಹುದ್ದೆ ತುಂಬಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟಕ್ಕೇ ನಿಮ್ಮ ಮಾವನವರಂಥ ಕೇಸು ಪತ್ತೆಯಾಗಲ್ಲ. ಭರ್ತಿಯಾದ ಹುಡುಗ, ಹುಡುಗಿಯರಲ್ಲಿ ಕೆಲವರನ್ನು ತನಿಖೆಗೆ ಅಂತಲೇ ಬೆಳೆಸಬೇಕು. ಅವರನ್ನು ಕೆಲವು ವರ್ಷ ಅದೇ ಕೆಲಸದಲ್ಲಿ ಬಿಡಬೇಕು. ದಿನಾ ಬಂದೋಬಸ್ತ್‌ಗೆ ಎಳೆಯಬಾರದು. ಇಷ್ಟಾದರೆ ಮಾತ್ರ ಕಷ್ಟದ ಕೇಸು ಮುಂದೆ ಸಾಗುತ್ತದೆ. ನಾನು ಗದಗ, ಹಾವೇರಿ, ಹುಬ್ಬಳ್ಳಿ ಕಡೆಯ ಠಾಣೆಗಳಲ್ಲಿ ತನಿಖೆ ಮಾಡಿಕೊಂಡು ನಿವೃತ್ತನಾದವನು. ಈಗ ಧಾರವಾಡದಲ್ಲಿ ನಿಮ್ಮ ತಮ್ಮನ ವಯಸ್ಸಿನವರಿಗೇ ಕಾನೂನು ಪಾಠ ಹೇಳುತ್ತೇನೆ. ಹಾಗಾಗಿ ಎರಡೂ ಕಡೆಯ ಸಂಕಟ ಗೊತ್ತು.

ಮೊದಲು ನಿಮ್ಮ ಮಾವನವರ ಕೇಸಿನಲ್ಲಿ ಪೊಲೀಸರು ಏನೇನು ಮಾಡಬೇಕು ಅಂತ ಹೇಳುತ್ತೇನೆ. ಅದು ಗೊತ್ತಾದರೆ ‘ಸಿಬ್ಬಂದಿ ಇಲ್ಲ’ ಅನ್ನುವ ಮಾತಿನ ಒಳಗೆ ಏನಿದೆ ಅಂತ ತಿಳಿಯುತ್ತದೆ.

ದುಡ್ಡು ಮೊದಲು ಒಂದು ಖಾತೆಗೆ ಹೋಗುತ್ತದೆ. ಆ ಖಾತೆ ಸಾಮಾನ್ಯವಾಗಿ ವಂಚಕನದ್ದಾಗಿರಲ್ಲ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಸಮೇತ ಖಾತೆಯನ್ನೇ ಬಾಡಿಗೆಗೆ ಕೊಟ್ಟ ಯಾವನೋ ಕೂಲಿಯವನದ್ದೋ ಕಾಲೇಜು ಹುಡುಗನದ್ದೋ ಇರುತ್ತದೆ. ಠಾಣೆಯಲ್ಲಿ ಇದಕ್ಕೆ ಮ್ಯೂಲ್ ಖಾತೆ ಅಂತಾರೆ. ಅಲ್ಲಿಂದ ಕೆಲವೇ ನಿಮಿಷದಲ್ಲಿ ಹಣ ಚೂರುಚೂರಾಗಿ ಬೇರೆ ಬೇರೆ ರಾಜ್ಯದ ಹತ್ತಾರು ಖಾತೆಗೆ ಹಂಚಿಹೋಗುತ್ತದೆ, ಆ ಹತ್ತರಿಂದ ಇನ್ನಷ್ಟು ಖಾತೆಗೆ, ಕೊನೆಗೆ ಯಾವುದೋ ಊರಿನ ಎಟಿಎಂನಲ್ಲಿ ನಗದಾಗುತ್ತದೆ ಅಥವಾ ಕ್ರಿಪ್ಟೋ ಆಗಿ ದೇಶ ಬಿಡುತ್ತದೆ. ತನಿಖಾಧಿಕಾರಿ, ನಮ್ಮ ಭಾಷೆಯಲ್ಲಿ ಐಓ, ಪ್ರತಿ ಬ್ಯಾಂಕಿಗೂ ನೋಟಿಸ್ ಕೊಡಬೇಕು. ಉತ್ತರ ಬಂದ ಮೇಲೆ ಆ ಸ್ಟೇಟ್‌ಮೆಂಟ್ ಓದಬೇಕು. ಅದರಲ್ಲಿ ಸಿಕ್ಕ ಮುಂದಿನ ಖಾತೆಯ ಬ್ಯಾಂಕಿಗೆ ಮತ್ತೆ ನೋಟಿಸ್. ಜತೆಗೆ ಮೊಬೈಲ್ ಕಂಪನಿಯಿಂದ ಸಿಡಿಆರ್, ಅಂದರೆ ಯಾವ ನಂಬರಿನಿಂದ ಯಾರಿಗೆ ಯಾವಾಗ ಕರೆ ಹೋಯಿತು ಅನ್ನುವ ಪಟ್ಟಿ ತರಿಸಬೇಕು, ವಾಟ್ಸ್‌ಆ್ಯಪ್‌ನವರಿಗೆ ಐಪಿ ವಿವರ, ಅಂದರೆ ಯಾವ ಇಂಟರ್ನೆಟ್ ಸಂಪರ್ಕದಿಂದ ಬಳಸಿದರು ಅಂತ ಕೇಳಬೇಕು, ಎಟಿಎಂನ ಸಿಸಿಟಿವಿ ಅಳಿಸಿಹೋಗುವುದರೊಳಗೆ ಹಿಡಿಯಬೇಕು. ಇಷ್ಟಾಗಿ ಒಬ್ಬ ಆರೋಪಿಯ ಜಾಡು ಸಿಕ್ಕರೆ ಇಬ್ಬರು ಸಿಬ್ಬಂದಿ ಕಟ್ಟಿಕೊಂಡು ರಾಜಸ್ಥಾನಕ್ಕೋ ಗುಜರಾತಿಗೋ ಹೋಗಬೇಕು, ಅಲ್ಲಿನ ಠಾಣೆಯ ಸಹಾಯ ಪಡೆಯಬೇಕು, ಅಲ್ಲಿನ ಕೋರ್ಟಿನಿಂದ ಟ್ರಾನ್ಸಿಟ್ ಆದೇಶ ಪಡೆದು ಆರೋಪಿಯನ್ನು ಹಾವೇರಿಗೆ ತರಬೇಕು.

ಇದು ಒಂದೇ ಕೇಸಿನ ಕೆಲಸ. ಆ ಐಓ ಟೇಬಲ್ ಮೇಲೆ ಇಂಥವು ಎಷ್ಟಿರುತ್ತವೆ ಅಂತ ಯೋಚಿಸಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದ ಪ್ರಕಾರ ಕರ್ನಾಟಕದಲ್ಲಿ 2022ರಲ್ಲಿ ದಾಖಲಾದ ಸೈಬರ್ ಕೇಸು 12,556. ಮರುವರ್ಷ 2023ರಲ್ಲಿ 21,889. ಒಂದೇ ವರ್ಷದಲ್ಲಿ ಇಷ್ಟು ಏರಿದೆ. ಅದೇ ಒಂದು ವರ್ಷದಲ್ಲಿ ತನಿಖೆ ಬಲ್ಲ ಅಧಿಕಾರಿಗಳು ಅಷ್ಟೇ ಪ್ರಮಾಣದಲ್ಲಿ ಏರಲು ಸಾಧ್ಯವೇ ಇಲ್ಲ.

ಯಾಕೆ ಅಂದರೆ ಇಲ್ಲೊಂದು ಕಾನೂನಿನ ಗಂಟು ಇದೆ. ಜನರಿಗೆ ಇದು ಗೊತ್ತಿರಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯಡಿಯ ಅಪರಾಧದ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವ ಹಾಗಿಲ್ಲ. ಮೊದಲು ಡಿವೈಎಸ್‌ಪಿಯೇ ಮಾಡಬೇಕಿತ್ತು, 2008ರ ತಿದ್ದುಪಡಿಯಲ್ಲಿ ಒಂದು ಮೆಟ್ಟಿಲು ಇಳಿಸಿದರು. ನಮ್ಮಲ್ಲಿ ನೇರ ನೇಮಕಾತಿ ಇರುವುದು ಕಾನ್‌ಸ್ಟೆಬಲ್‌ಗೆ, ಪಿಎಸ್‌ಐಗೆ, ಮೇಲೆ ಡಿವೈಎಸ್‌ಪಿಗೆ. ಇನ್‌ಸ್ಪೆಕ್ಟರ್ ಆಗುವುದು ಪಿಎಸ್‌ಐ ಬಡ್ತಿ ಪಡೆದು. ಅದಕ್ಕೆ ವರ್ಷಗಟ್ಟಲೆ ಬೇಕು. ಅಂದರೆ ನಾಳೆಯೇ ಸಾವಿರ ಕಾನ್‌ಸ್ಟೆಬಲ್‌ಗಳನ್ನು ತೆಗೆದುಕೊಂಡರೂ ಐಟಿ ಕಾಯ್ದೆ ಕೇಸಿನ ತನಿಖೆಗೆ ಒಬ್ಬ ಐಓ ಕೂಡ ಜಾಸ್ತಿ ಆಗಲ್ಲ. ನೋಟಿಸ್ ಕಳಿಸಲು, ಸ್ಟೇಟ್‌ಮೆಂಟ್ ಜೋಡಿಸಲು, ಆರೋಪಿ ತರಲು ಕೈ ಸಿಗುತ್ತವೆ, ಅದೂ ದೊಡ್ಡದೇ. ಆದರೆ ಸಹಿ ಹಾಕಿ ಜವಾಬ್ದಾರಿ ಹೊರುವವರು ಅಷ್ಟೇ ಜನ. ಹಾವೇರಿ ಜಿಲ್ಲೆಯಲ್ಲಿ ರಾಣೇಬೆನ್ನೂರು, ಬ್ಯಾಡಗಿ, ಹಾನಗಲ್, ಶಿಗ್ಗಾವಿ ಎಲ್ಲ ಕಡೆಯ ದೊಡ್ಡ ಸೈಬರ್ ದೂರು ಜಿಲ್ಲಾ ಸಿಇಎನ್ ಠಾಣೆಗೇ ಹೋಗುತ್ತವೆ. ಹೆಸರಲ್ಲೇ ಇದೆ ನೋಡಿ, ಸೈಬರ್ ಜತೆಗೆ ಆರ್ಥಿಕ ಅಪರಾಧ, ಮಾದಕ ವಸ್ತು ಎಲ್ಲ ಅದೇ ಠಾಣೆಯ ಹೆಗಲ ಮೇಲೆ.

ಇನ್ನು ಪಿಎಸ್‌ಐ ಹುದ್ದೆಯ ಕಥೆ. ನಿಮ್ಮ ತಮ್ಮನಿಗೆ ಇದು ಬಾಯಿಪಾಠ ಆಗಿರಬೇಕು. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಕಲಬುರಗಿಯ ಕೇಂದ್ರವೊಂದರಿಂದ ಅಕ್ರಮ ಹೊರಬಿತ್ತು, ಬ್ಲೂಟೂತ್, ಓಎಂಆರ್ (ಉತ್ತರ ಗುರುತಿಸುವ ಹಾಳೆ) ತಿದ್ದಿದ್ದು ಎಲ್ಲ ಒಂದೊಂದಾಗಿ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಹೈಕೋರ್ಟ್ ಮರುಪರೀಕ್ಷೆಗೆ ಒಪ್ಪಿದ್ದು 2023ರ ನವೆಂಬರ್‌ನಲ್ಲಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಮರುಪರೀಕ್ಷೆ ನಡೆಸಿದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಬರೆದ ಮಕ್ಕಳು ಎರಡು ವರ್ಷಕ್ಕಿಂತ ಜಾಸ್ತಿ ಕಾದರು. ಅದರ ನೋವು ಧಾರವಾಡದ ಗಲ್ಲಿಗಳಲ್ಲಿ ಓಡಾಡಿದವರಿಗೆ ಗೊತ್ತು. ಊರಿಂದ ಬರುವ ಬುತ್ತಿಯ ಲೆಕ್ಕ, ರೂಮ್ ಬಾಡಿಗೆ, ಮೀರುತ್ತಿರುವ ವಯಸ್ಸು. ನೇಮಕಾತಿ ಬೇಗ ಮಾಡಿ, ವಯಸ್ಸಿನ ಮಿತಿ ಸಡಿಲಿಸಿ ಅಂತ 2025ರಲ್ಲಿ ಇವರು ಧಾರವಾಡದಲ್ಲಿ ಬೀದಿಗಿಳಿದಾಗ ನನಗೆ ಆಶ್ಚರ್ಯ ಆಗಲಿಲ್ಲ. ಆ ಸಿಟ್ಟಿನಲ್ಲಿ ನ್ಯಾಯ ಇದೆ.

ಆದರೆ ಆ ವಿಳಂಬದ ಇನ್ನೊಂದು ಪೆಟ್ಟಿನ ಬಗ್ಗೆ ಯಾರೂ ಮಾತಾಡಲ್ಲ. ಕಳವು, ವಂಚನೆ, ಅಪಘಾತ ಹೀಗೆ ಠಾಣೆಯ ಮಾಮೂಲಿ ಕೇಸುಗಳ ತನಿಖೆಯಲ್ಲಿ ಬಹುಪಾಲು ಬೀಳುವುದು ಪಿಎಸ್‌ಐ ಮೇಲೆ. 545 ಜನ ಬರಬೇಕಾದ ಹೊತ್ತಿಗೆ ಬರದಿದ್ದರೆ ಆ ಫೈಲುಗಳು ಇದ್ದವರ ಮೇಲೆ, ಎಎಸ್‌ಐಗಳ ಮೇಲೆ ಬೀಳುತ್ತವೆ. ಅಷ್ಟೇ ಅಲ್ಲ, ಆವತ್ತು ಪಿಎಸ್‌ಐ ಆಗದವರು ಮುಂದೆ ಇನ್‌ಸ್ಪೆಕ್ಟರ್ ಆಗುವುದೂ ಅಷ್ಟೇ ತಡ. ಈಗ ಮೇಲಿನ 78ನೇ ಕಲಂ ನೆನಪಿಸಿಕೊಳ್ಳಿ. 2021ರ ಅಕ್ರಮದ ಬಿಸಿ ಇನ್ನೂ ಎಷ್ಟೋ ವರ್ಷ ಸೈಬರ್ ಠಾಣೆಗಳಿಗೆ ತಟ್ಟುತ್ತದೆ.

ಮತ್ತೆ ಆ ಹಗರಣವೇ ಒಂದು ಜಟಿಲ ಅಪರಾಧ ಆಗಿತ್ತು. ಸಿಐಡಿಯವರು ಅಭ್ಯರ್ಥಿಗಳನ್ನು ಕರೆಸಿ, ಅವರ ಬಳಿ ಇದ್ದ ಓಎಂಆರ್ ಕಾರ್ಬನ್ ಪ್ರತಿಯನ್ನು ಅಸಲಿ ಹಾಳೆಯ ಜತೆ ಹೋಲಿಸಿ ನೋಡಬೇಕಾಯಿತು. ಕೊನೆಗೆ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿ ದರ್ಜೆಯ ಅಧಿಕಾರಿಯನ್ನೇ 2022ರ ಜುಲೈನಲ್ಲಿ ಬಂಧಿಸಿದರು. ತಮ್ಮದೇ ಇಲಾಖೆಯ ಮೇಲಿನವರತ್ತ ಬೆರಳು ಮಾಡುವ ತನಿಖೆಯನ್ನು ಬೆಳಿಗ್ಗೆ ಬಂದೋಬಸ್ತ್, ಸಂಜೆ ಬೀಟ್ ಅಂತ ಓಡಾಡುವ ಠಾಣೆಯ ಪಿಎಸ್‌ಐ ಒಬ್ಬರು ಮಾಡಲು ಆಗುತ್ತಿತ್ತಾ? ಆಗುತ್ತಿರಲಿಲ್ಲ. ತನಿಖೆಯೊಂದೇ ಕೆಲಸ ಅಂತ ಇರುವ ತಂಡ ಬೇಕಾಯಿತು.

ನಮ್ಮೂರಿನದೇ ಉದಾಹರಣೆ ಕೊಡುತ್ತೇನೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣ ನಗರದಲ್ಲಿ ಡಾ. ಎಂ.ಎಂ. ಕಲಬುರ್ಗಿ ಅವರನ್ನು ಅವರ ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದರು. ಕೇಸು ಸ್ಥಳೀಯ ಪೊಲೀಸರಿಂದ ಸಿಐಡಿಗೆ ಹೋಯಿತು. ವರ್ಷಗಳು ಕಳೆದವು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಅವರ ಹತ್ಯೆಯಾದ ಮೇಲೆ ವಿಶೇಷ ತನಿಖಾ ತಂಡ ಮಾಡಿದರು. ಎರಡೂ ಕಡೆ ಸಿಕ್ಕ ಗುಂಡು, ಖೋಕಾಗಳ (ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕವಚ) ಗುರುತು ಹೋಲಿಸಿದ ವಿಧಿವಿಜ್ಞಾನ ಪ್ರಯೋಗಾಲಯ, ಬಳಸಿದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವರದಿ ಕೊಟ್ಟಿತು. 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಅವರ ಕೇಸನ್ನೂ ಅದೇ ತಂಡಕ್ಕೆ ಒಪ್ಪಿಸಿತು. ಅದೇ ಆಗಸ್ಟ್‌ನಲ್ಲಿ ಚಾರ್ಜ್‌ಶೀಟ್ ಸಲ್ಲಿಕೆಯಾಯಿತು. ಆರೋಪಿಗಳ ಬಗ್ಗೆ ತೀರ್ಮಾನ ಹೇಳುವುದು ಕೋರ್ಟಿನ ಕೆಲಸ, ನನ್ನದಲ್ಲ. ನಾನು ಹೇಳುವುದು ತನಿಖೆಯ ಬಗ್ಗೆ ಮಾತ್ರ. ಆ ವಿಶೇಷ ತಂಡದಲ್ಲಿ ಜನವೂ ಬೇಕಾದಷ್ಟು ಇದ್ದರು, ನಿಜ. ಆದರೆ ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ, ಅವರಿಗೆ ಬೇರೆ ಕೆಲಸ ಇರಲಿಲ್ಲ. ಒಂದು ಕೇಸಿನಲ್ಲಿ ಸಿಕ್ಕ ಡೈರಿ, ಫೋನ್ ನಂಬರು, ಹೆಸರು ಇನ್ನೊಂದು ಕೇಸಿಗೆ ಎಲ್ಲಿ ಕೂಡುತ್ತದೆ ಅಂತ ತಿಂಗಳುಗಟ್ಟಲೆ ಕೂತು ನೋಡುವ ಪುರುಸೊತ್ತು ಇತ್ತು. 2015ರ ಆ ಬೆಳಿಗ್ಗೆ ನೆಲದ ಮೇಲೆ ಬಿದ್ದಿದ್ದ ಖೋಕಾವನ್ನು ಸರಿಯಾಗಿ ಎತ್ತಿ, ಸೀಲ್ ಮಾಡಿ, ಪ್ರಯೋಗಾಲಯಕ್ಕೆ ಕಳಿಸಿದವರನ್ನೂ ಮರೆಯಬಾರದು. ಆ ಕೆಲಸ ಕೆಟ್ಟಿದ್ದರೆ ಎರಡು ವರ್ಷದ ನಂತರ ಹೋಲಿಸಲು ಏನೂ ಇರುತ್ತಿರಲಿಲ್ಲ.

ಈಗ ಸಾಮಾನ್ಯ ಠಾಣೆಗೆ ಬನ್ನಿ. ಹುಬ್ಬಳ್ಳಿಯಲ್ಲಿ ಗಣಪತಿ ಹಬ್ಬ ಅಂದರೆ ಹನ್ನೊಂದು ದಿನ ಎಲ್ಲರೂ ರಸ್ತೆ ಮೇಲೆ. ಸಿದ್ಧಾರೂಢರ ಜಾತ್ರೆ, ಚುನಾವಣೆ, ವಿಮಾನ ನಿಲ್ದಾಣಕ್ಕೆ ಬರುವ ಮಂತ್ರಿಗಳು, ಯಾವುದೋ ಪ್ರತಿಭಟನೆ. 2024ರ ಮಾರ್ಚ್ 11ರಂದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಕುಸಿಯಿತು ಅಂತ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ, ವಾಹನಗಳಿಗೆ ಬೆಂಕಿ ಹಚ್ಚಿದ್ದು ನಿಮಗೆ ನೆನಪಿರಬೇಕು, ನಿಮ್ಮ ಪಕ್ಕದ ಊರೇ ಅಲ್ವಾ. ಅಂಥ ಹೊತ್ತಿನಲ್ಲಿ ಯಾವ ಐಓ ‘ನನ್ನ ಬ್ಯಾಂಕ್ ನೋಟಿಸ್ ಬಾಕಿ ಇದೆ’ ಅಂತ ಕೂರಲು ಆಗುತ್ತದೆ? ಎಲ್ಲರೂ ಹೋಗಲೇಬೇಕು. ಆದರೆ ಅಲ್ಲಿ ಅವರು ಕಳೆದ ದಿನಗಳಲ್ಲಿ ಇಲ್ಲೊಂದು ಎಟಿಎಂನ ಸಿಸಿಟಿವಿ ದೃಶ್ಯದ ಮೇಲೆ ಹೊಸ ದೃಶ್ಯ ಕೂತುಬಿಟ್ಟಿರುತ್ತದೆ. ಆರೋಪಿ ಬಂಧನದಲ್ಲಿದ್ದರೆ 60 ಅಥವಾ 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ, ಆ ಗಡುವು ಹಬ್ಬಕ್ಕೂ ನಿಲ್ಲಲ್ಲ, ಜಾತ್ರೆಗೂ ನಿಲ್ಲಲ್ಲ. ಕೊನೆಗೆ ಎಷ್ಟೋ ಕೇಸು ‘ಸಿ’ ರಿಪೋರ್ಟ್ ಆಗಿ, ಅಂದರೆ ಪತ್ತೆಯಾಗಲಿಲ್ಲ ಅಂತ ಕೋರ್ಟಿಗೆ ಬರೆದುಕೊಟ್ಟು ಮುಚ್ಚಿಹೋಗುತ್ತವೆ.

ಇದಕ್ಕೆ ಮದ್ದು ಹೊಸದೇನೂ ಅಲ್ಲ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ತನಿಖೆ ಮಾಡುವ ಪೊಲೀಸರನ್ನು ಕಾನೂನು ಸುವ್ಯವಸ್ಥೆ ನೋಡುವವರಿಂದ ಬೇರೆ ಮಾಡಿ, ಮೊದಲು ಹತ್ತು ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ಶುರು ಮಾಡಿ, ನಿಧಾನಕ್ಕೆ ಸಣ್ಣ ಊರುಗಳಿಗೂ ವಿಸ್ತರಿಸಿ ಅಂತ. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. ಸ್ವಲ್ಪದರಲ್ಲಿ ಆ ಗೆರೆಯ ಈಚೆ ಉಳಿಯಿತು. ಗದಗ, ಹಾವೇರಿಗಳು ‘ನಿಧಾನಕ್ಕೆ’ ಅನ್ನುವ ಸಾಲಿನಲ್ಲಿವೆ. ಠಾಣೆಗಳಲ್ಲಿ ಕ್ರೈಂ ಪಿಎಸ್‌ಐ, ಕಾನೂನು ಸುವ್ಯವಸ್ಥೆ ಪಿಎಸ್‌ಐ ಅಂತ ಹೆಸರಿಗೆ ಬೇರೆ ಇರುತ್ತಾರೆ. ಮೆರವಣಿಗೆ ದಿನ ಇಬ್ಬರೂ ಒಂದೇ ಸರ್ಕಲ್‌ನಲ್ಲಿ ನಿಂತಿರುತ್ತಾರೆ. ಕ್ರೈಂ ಸಿಬ್ಬಂದಿಯನ್ನು ಬಂದೋಬಸ್ತ್‌ಗೆ ಹಾಕುವುದಾದರೆ ಎಸ್‌ಪಿ ಲಿಖಿತ ಕಾರಣ ಕೊಡಬೇಕು ಅನ್ನುವ ನಿಯಮ ಒಂದು ಬಂದರೂ ಸಾಕು, ಬಹಳ ವ್ಯತ್ಯಾಸ ಆಗುತ್ತದೆ ಅಂತ ನಾನು ನಂಬುತ್ತೇನೆ. ಬೆಂಗಳೂರಿನಲ್ಲಿ ಈಗ ಸೈಬರ್‌ಗೆ ಅಂತಲೇ ಪ್ರತ್ಯೇಕ ಕಮಾಂಡ್ ಮಾಡಿದ್ದಾರೆ. ಒಳ್ಳೆಯದೇ. ಆದರೆ ಅದರ ಫಲ ಹಾವೇರಿಯ ಠಾಣೆಯವರೆಗೆ ಬರಬೇಕಾದರೆ ಇಲ್ಲಿಯ ಐಓ ತನ್ನ ಕುರ್ಚಿಯಲ್ಲಿ ಕೂತಿರಬೇಕಲ್ಲ.

ಈಗ ನಿಮ್ಮ ತಮ್ಮನ ವಿಷಯ. ಬಿಸಿಎ ಖಂಡಿತ ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ಪಾಸಾಗಲು ಬರಲ್ಲ, ಪಾಸಾದ ಮೇಲೆ ಬರುತ್ತದೆ. ಕಾನ್‌ಸ್ಟೆಬಲ್ ಆಯ್ಕೆಯಲ್ಲಿ 100 ಅಂಕದ ಬಹು ಆಯ್ಕೆ ಪ್ರಶ್ನೆಗಳು, ಆಮೇಲೆ ಎತ್ತರ, ಎದೆಯಳತೆ, 1600 ಮೀಟರ್ ಓಟ. ಪಿಎಸ್‌ಐಗೆ ಪ್ರಬಂಧ, ಭಾಷಾಂತರದ ಒಂದು ಪತ್ರಿಕೆ, ಸಾಮಾನ್ಯ ಜ್ಞಾನದ ಒಂದು. ಇಲ್ಲಿ ಎಲ್ಲೂ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ದುಡ್ಡು ಎಲ್ಲಿಗೆ ಹೋಯಿತು ಹೇಳು ಅಂತ ಕೇಳಲ್ಲ. ಹಾಗೆ ಕೇಳಬೇಕು ಅಂತ ಕೆಲವರು ವಾದಿಸುತ್ತಾರೆ. ನಾನು ಪೂರ್ತಿ ಒಪ್ಪಲ್ಲ. ಹಳ್ಳಿಯ ಬಿಎ ಹುಡುಗಿಗೂ ನಗರದ ಎಂಜಿನಿಯರ್‌ಗೂ ಒಂದೇ ಅವಕಾಶ ಇರಬೇಕು, ಅಂಕ ಹಾಕುವಲ್ಲಿ ಯಾರ ಕೈಚಳಕವೂ ನಡೆಯಬಾರದು. 2021 ನೋಡಿದ ಮೇಲಂತೂ ಸರಳ, ಒಂದೇ ಅಳತೆಯ ಪರೀಕ್ಷೆಯೇ ಸರಿ. ವಿಶೇಷ ಕೌಶಲ ಆಯ್ಕೆಯಾದ ಮೇಲೆ ಕಲಿಸಬೇಕು. ಜತೆಗೆ ತಾಂತ್ರಿಕ ಹುದ್ದೆಗೆ ಬೇರೆಯೇ ಬಾಗಿಲು ಇರಬೇಕು. ಅಪರಾಧ ಸ್ಥಳ ಪರಿಶೀಲನೆಗೆ ಅಂತಲೇ ವಿಜ್ಞಾನ ಓದಿದವರನ್ನು ಸೋಕೋ ಅಧಿಕಾರಿಗಳಾಗಿ ನಮ್ಮ ರಾಜ್ಯ ತೆಗೆದುಕೊಂಡಿದೆ. ಡಿಜಿಟಲ್ ಸಾಕ್ಷ್ಯಕ್ಕೂ ಅಂಥ ಕಾಯಂ ಹುದ್ದೆಗಳು ಪ್ರತಿ ಜಿಲ್ಲೆಗೆ ಬೇಕು. ಗುತ್ತಿಗೆ ಮೇಲೆ ತೆಗೆದುಕೊಂಡರೆ, ಕಲಿತವನು ಬೆಂಗಳೂರಿನ ಕಂಪನಿಗೆ ಹೋಗಿಬಿಡುತ್ತಾನೆ.

ತಮ್ಮನಿಗೆ ಒಂದು ಮಾತು ಹೇಳಿ. ಕಾನ್‌ಸ್ಟೆಬಲ್ ಆದರೆ ಬಿಸಿಎ ದಂಡ ಆಯಿತು ಅಂದುಕೊಳ್ಳಬೇಡ ಅಂತ. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ, ಹಳೆಯ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಮೂರು ಹೊಸ ಕಾನೂನು ಬಂದಿವೆ. ಶೋಧ, ಜಪ್ತಿ ಮಾಡುವಾಗ ವಿಡಿಯೊ ಮಾಡಬೇಕು ಅಂತ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಹೇಳುತ್ತದೆ. ಏಳು ವರ್ಷ ಮತ್ತು ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು ಅಂತ 176ನೇ ಕಲಂ, ಅದನ್ನು ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯ ಕೊಟ್ಟಿದ್ದಾರೆ. ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಫೋನ್, ಪೆನ್‌ಡ್ರೈವ್‌ನ ಸಾಕ್ಷ್ಯಕ್ಕೆ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಮೌಲ್ಯ ಬರೆಯಬೇಕು, ಅಂದರೆ ಫೈಲನ್ನು ಯಾರೂ ತಿದ್ದಿಲ್ಲ ಅಂತ ತೋರಿಸುವ, ಬೆರಳಚ್ಚಿನಂಥ ಒಂದು ಸಂಕೇತ. ಠಾಣೆಯಲ್ಲಿ ಇದನ್ನೆಲ್ಲ ಕೈಯಾರೆ ಮಾಡುವವರು ಯಾರು? ಸ್ಥಳಕ್ಕೆ ಮೊದಲು ಮುಟ್ಟುವ ಕಾನ್‌ಸ್ಟೆಬಲ್, ಠಾಣೆಯಲ್ಲಿ ಕಾಗದಪತ್ರ ಬರೆಯುವ ರೈಟರ್. ಜಪ್ತಿ ಮಾಡಿದ ಫೋನನ್ನು ಸುಮ್ನೆ ಆನ್ ಮಾಡಿ ನೋಡಿದರೆ, ಮಹಜರಿನಲ್ಲಿ ಸೀಲ್ ಬಗ್ಗೆ ಒಂದು ಸಾಲು ಬಿಟ್ಟರೆ, ಆರು ವರ್ಷದ ನಂತರ ಆರೋಪಿ ಪರ ವಕೀಲರು ಅಲ್ಲೇ ಕೈ ಹಾಕುತ್ತಾರೆ. ಹ್ಯಾಶ್ ಅಂದರೇನು ಅಂತ ಅರ್ಥ ಮಾಡಿಕೊಂಡ ಒಬ್ಬ ಕಾನ್‌ಸ್ಟೆಬಲ್ ಇದ್ದರೆ ಐಓಗೆ ಆನೆ ಬಲ.

ಓದಿನ ನಡುವೆ ಒಂದಷ್ಟು ಕಲಿಯಬಹುದು. ಎಕ್ಸೆಲ್ ಚೆನ್ನಾಗಿ ಕಲಿಯಲಿ, ಸಿಡಿಆರ್ ವಿಶ್ಲೇಷಣೆಯ ಅರ್ಧ ಕೆಲಸ ಅಲ್ಲೇ ಇದೆ. ಮೂರು ಹೊಸ ಕಾನೂನುಗಳನ್ನು ಗೈಡ್‌ನಲ್ಲಿ ಅಲ್ಲ, ಮೂಲದಲ್ಲೇ ಓದಲಿ. ಕನ್ನಡದಲ್ಲಿ ನಡೆದದ್ದನ್ನು ನಡೆದಂತೆ, ಗೊಂದಲ ಇಲ್ಲದೆ ಬರೆಯುವ ಅಭ್ಯಾಸ ಮಾಡಲಿ, ಒಳ್ಳೆಯ ಮಹಜರು ಬರೆಯುವವರು ಈಗ ಕಡಿಮೆ. ಕೆಲಸ ಸಿಕ್ಕ ಮೇಲೆ ಪೊಲೀಸರಿಗೆ ಅಂತಲೇ ಇರುವ ಸೈಟ್ರೇನ್ ಕೋರ್ಸುಗಳನ್ನು ಮಾಡಬಹುದು, ಬೆಂಗಳೂರಿನ ಸಿಐಡಿಯ ಸೈಬರ್ ತರಬೇತಿ ಕೇಂದ್ರಕ್ಕೆ ಹೆಸರು ಕೊಡಬಹುದು. ಪಿಎಸ್‌ಐ ಕನಸು ಕೈಗೂಡದಿದ್ದರೆ ಬೇರೆ ದಾರಿಯೂ ಪಕ್ಕದಲ್ಲೇ ಇದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಕ್ಯಾಂಪಸ್‌ಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಅಲ್ಲಿನ ಕೋರ್ಸುಗಳನ್ನು ಒಮ್ಮೆ ವಿಚಾರಿಸಲಿ. ವಯಸ್ಸು ಮೀರುವವರೆಗೆ ಒಂದೇ ಪರೀಕ್ಷೆ ನಂಬಿ ರೂಮಿನಲ್ಲಿ ಕೂರುವುದು ಬೇಡ. ಇದನ್ನು ಅಕ್ಕನಾಗಿ ನೀವೇ ಹೇಳಿದರೆ ಕೇಳುತ್ತಾನೆ.

ಕೊನೆಗೆ ನಿಮ್ಮ ಮಾವನವರ ಕೇಸು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದರೆ ಒಂದು ಸ್ವೀಕೃತಿ ಸಂಖ್ಯೆ ಬಂದಿರುತ್ತದೆ, ಅದನ್ನು ಎಫ್‌ಐಆರ್ ಪ್ರತಿಯ ಜತೆ ಇಟ್ಟುಕೊಳ್ಳಿ. ಮುಂದಿನ ಸಲ ಠಾಣೆಗೆ ಹೋದಾಗ ‘ಏನಾಯಿತು’ ಅಂತ ಕೇಳಬೇಡಿ. ಯಾವ ಯಾವ ಖಾತೆಯಲ್ಲಿ ಎಷ್ಟು ಹಣ ತಡೆಹಿಡಿಯಲಾಗಿದೆ ಅಂತ ಕೇಳಿ, ಖಾತೆವಾರು ಬರೆದುಕೊಳ್ಳಿ. ಅಲ್ಪ ಮೊತ್ತವಾದರೂ ಸರಿ, ತಡೆಹಿಡಿದ ಹಣ ಬಿಡಿಸಿಕೊಳ್ಳಲು ನಾಗರಿಕ ಸುರಕ್ಷಾ ಸಂಹಿತೆಯ 503ನೇ ಕಲಂ ಅಡಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬಹುದು. ಆರೋಪಿ ಸಿಗುವವರೆಗೆ ಕಾಯಬೇಕಿಲ್ಲ. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು ಅಂತ ಅದೇ ಸಂಹಿತೆಯ 193ನೇ ಕಲಂನಲ್ಲೇ ಇದೆ. ಬಂದಿಲ್ಲವಾದರೆ ಒಂದು ಪುಟದ ಪತ್ರ ಬರೆದು ಠಾಣೆಯಲ್ಲಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಪ್ರತಿಯನ್ನು ಹಾವೇರಿ ಎಸ್‌ಪಿ ಕಚೇರಿಗೂ ಕೊಡಿ. ಜಗಳ ಬೇಡ, ಅಲ್ಲಿರುವವರೂ ಕೆಲಸದ ಭಾರದಲ್ಲಿ ಸೋತವರು. ಈ ನಡುವೆ ಐಓ ವರ್ಗವಾಗಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ವಾಟ್ಸ್‌ಆ್ಯಪ್ ಚಾಟ್‌ನ ಸ್ಕ್ರೀನ್‌ಶಾಟ್, ಆ್ಯಪ್‌ನ ಲಿಂಕ್ ಎಲ್ಲದರ ಇನ್ನೊಂದು ಸೆಟ್ ಮಾಡಿಸಿ ಹೊಸಬರ ಕೈಗೇ ಕೊಡಿ. ಹಳೆಯ ಫೈಲಿನಲ್ಲಿ ಇದೆ ಅಂತ ಬಿಡಬೇಡಿ. ಫೋನನ್ನು ಮಾತ್ರ ರೀಸೆಟ್ ಮಾಡಲು ಹೋಗಬೇಡಿ, ಮಾವನವರು ಆ ಚಾಟ್ ನೋಡಿ ಎಷ್ಟೇ ಬೇಜಾರು ಮಾಡಿಕೊಂಡರೂ ಅದು ಹಾಗೇ ಇರಲಿ.